ಗೊತ್ತಿಲ್ಲ ಅನ್ನುವ ಸಾಲು

ಅಫಜಲಪುರ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಉಪನ್ಯಾಸಕರು ಕೂತಿದ್ದರು. ಬೆಳೆರೋಗಕ್ಕೆ ಔಷಧ ಹೇಳುವ ಕಂಪ್ಯೂಟರ್ ಪ್ರೋಗ್ರಾಂ ಇಬ್ಬರೂ ಸೇರಿ ಮಾಡಿದ್ದರಂತೆ. ರೋಗದ ನಿಯಮಗಳನ್ನು ನಜಮುನ್ನಿಸಾ ತರ್ಕದ ಭಾಷೆ ಪ್ರೋಲಾಗ್‌ನಲ್ಲಿ ಬರೆದಿದ್ದರು. ಅದರ ಉತ್ತರವನ್ನು ಪರದೆಗೆ ತರುವ ಸಿ ಭಾಷೆಯ ಭಾಗ ಶಾಂತಕುಮಾರ ಅವರದು.

“ಸರ್, ಕೊಳಕೂರ ಗುರಮ್ಮನ ತೊಗರಿ ರೋಗ ಪ್ರೋಲಾಗಿಗೆ ತಿಳೀಲಿಲ್ಲ. ಇಲ್ಲ ಅಂತು. ನಿಮ್ಮ ಸಿ ಯಾಕ ಔಷಧ ಹೇಳ್ತು? ಅದನ್ನ ಹೊಡದು ಆಕಿ ಬೆಳಿ ಎಲಿ ಸುಟ್ಟಾವ,” ಅಂದರು ನಜಮುನ್ನಿಸಾ.

“ಆಕಿಗಿಂತ ಮೊದಲು ಕೇಳಿದ ರೈತರಿಗೆ ಕೊಟ್ಟ ಉತ್ತರ ಅದರಾಗ ಹಂಗ ಉಳಿದಿತ್ರಿ.”

“ಇಲ್ಲ ಅಂತ ಬಂದ್ರ ‘ಗೊತ್ತಿಲ್ಲ’ ಅಂತ ತೋರಸೋ ಸಾಲು ಹಾಕಿಸಿದ್ನಲ್ರಿ?”

“ನಾನೇ ತೆಗದೇನ್ರಿ. ಸಾಹೇಬ್ರು ನೋಡಾಕ ಬಂದಾಗ ಗೊತ್ತಿಲ್ಲ ಅಂದ್ರ ಮಾನ ಹೋಗ್ತದ.”

“ಥೂ! ನಿಮ್ಮ ಮಾನಕ್ಕ ಆಕಿ ಬೆಳಿ ಸುಡಬೇಕೇನು?”

“ಸಾಲು ವಾಪಸ್ ಹಾಕ್ತೇನ್ರಿ. ಆಕಿಗಿ ಮಾತ್ರ ರೋಗದಿಂದನೇ ಎಲಿ ಸುಟ್ಟಾವ ಅಂತ ಹೇಳೂನು.”

“ನಿಮ್ಮ ಮಾತು ಕೇಳಿದ್ರ ಹೇಸಿಗಿ ಬರ್ತದ. ಆ ಔಷಧದ ಹೆಸರು ಆಕಿಗಿ ಓದಿ ಹೇಳಿದಾಕಿ ನಾನು. ಈಗ ಹೋಗಿ ತಪ್ಪು ನಮ್ದೇ ಅಂತೇನಿ.”

“ಬೈತಾಳ್ರಿ ಆಕಿ.”

“ಬೈಲಿ.”

ಕೊಳಕೂರ ದಾರಿಯ ಜೇವರ್ಗಿ ಬಸ್ಸು ಬಂತು. ನಜಮುನ್ನಿಸಾ ಹಿಂತಿರುಗಿ ನೋಡದೆ ಹತ್ತಿದರು. ಬಸ್ಸು ಹೊರಡುವಾಗ ಶಾಂತಕುಮಾರ ಎದ್ದು ಓಡಿದರು, ಹತ್ತಿದರು, ಆಕೆಯಿಂದ ದೂರದ ಸೀಟಿನಲ್ಲಿ ತಲೆ ತಗ್ಗಿಸಿ ಕೂತರು.