ಬೆಳುವಾಯಿಯ ಹಸಿರು ಸೀರೆ

ನಾನು ಸುಳ್ಳು ಬಿಡುವವ ಅಂತ ಇಡೀ ನರಿಕೊಂಬಿಗೆ ಗೊತ್ತುಂಟು. ಇದು ಸುಳ್ಳಲ್ಲ. ನನ್ನ ಅತ್ತೆ ಮಗ ಶ್ರವಣನಿಗೆ ಆದದ್ದು, ಹೋದ ಆಟಿ ತಿಂಗಳಲ್ಲಿ.

ಕೊನೆಯ ಬಸ್ಸು ಅವನನ್ನು ಮೆಲ್ಕಾರಿನಲ್ಲಿ ಇಳಿಸಿತು. ಅಲ್ಲಿಂದ ನಡಿಗೆ. ಕೈಯಲ್ಲೊಂದು ಚೀಲ... ಒಳಗೆ ಹಸಿರು ಸೀರೆ, ಬಳೆ. ಸತ್ತವಳಿಗೆ.

ನಮ್ಮಲ್ಲಿ ಮದುವೆಯಾಗದೆ ಸತ್ತವರಿಗೂ ಮದುವೆ ಉಂಟು, ಸತ್ತ ಇನ್ನೊಬ್ಬರೊಟ್ಟಿಗೆ. ಕುಲೆ ಮದುವೆ. ತೀರಿಹೋದ ನೆರೆಮನೆಯ ವಿಜೇತಕ್ಕನಿಗೆ ಬೆಳುವಾಯಿಯಲ್ಲಿ ಅಂಥದ್ದೇ ಒಬ್ಬ ಹುಡುಗ ಸಿಕ್ಕಿದ್ದ. ಅವರ ಅಣ್ಣ ಮುಂಡಪ್ಪಣ್ಣನ ಕಾಲಿಗೆ ಪ್ಲಾಸ್ಟರು. ಹುಡುಗನ ಮನೆಯವರು ಒಪ್ಪಿ ಕೊಟ್ಟ ಸೀರೆ ತರಲು ಶ್ರವಣನೇ ಹೋಗಿದ್ದ.

ವಿಜೇತಕ್ಕ ಮೂರು ತುಳು ಸಿನಿಮಾದ ಹೀರೋಯಿನ್. ಮೂರರಲ್ಲೂ ಹೀರೋ ಬಿಟ್ಟು ಹೋಗ್ತಾನೆ. ಹೊರಗೂ ಅದೇ ಕತೆ... ಮೂವರು ಬಂದ್ರು, ಮೂವರೂ ಹೋದ್ರು. ಚೆಂದ ಕಾಣ್ತೀರಿ ಅಂದ್ರೆ "ತಮಾಷೆ ಮಾಡ್ಬೇಡ ಮಾರಾಯ" ಅಂತಿದ್ರು. ಅವರನ್ನು ಅಣಕಿಸಿ, ಅವರದ್ದೇ ಸ್ವರ ತೆಗೆದು ಅಳುವುದರಲ್ಲಿ ನಾನು ಫೇಮಸ್ಸು.

ಪಂಚಾಯತ್ ಬಾವಿ ದಾಟುವಾಗ ಹಿಂದಿನಿಂದ... ಟಪ್... ಸರ್ರ್. ಟಪ್... ಸರ್ರ್. ವಾರು ಕಡಿದ ಚಪ್ಪಲಿ ಎಳೆದ ಹಾಗೆ.

"ಒಪ್ಪಿದ್ರಾ?"

ವಿಜೇತಕ್ಕನ ಸ್ವರ, ಪಿಸುಪಿಸು. ಅಣಕಿಸ್ತಾ ಇರುವುದು ನಾನೇ ಅಂತ ಶ್ರವಣ ತಿರುಗಿಯೂ ನೋಡಲಿಲ್ಲ. ಬೆಳುವಾಯಿಯಿಂದ ಅಷ್ಟು ದೂರ ಬಸ್ಸು ಹತ್ತಿ ಇಳಿದು ಸಾಕಾಗಿತ್ತು ಅವನಿಗೆ.

"ಇಲ್ಲ ಮಾರಾಯ್ತಿ. ನಿನ್ನನ್ನು ಯಾರು ಒಪ್ತಾರೆ!"

ಚಪ್ಪಲಿಯ ಸದ್ದು ಹತ್ತಿರ ಬಂತು. ಆಮೇಲೆ, ಪೂರ್ತಿ ದಣಿದವರ ಹಾಗೆ...

"ಹೌದು... ನಂಗೆ ಗೊತ್ತಿತ್ತು. ಅವರನ್ನು ಬೈಬೇಡ. ಚೀಲ ಕೊಡು, ನಿಂಗೂ ಸುಸ್ತಾಗಿದೆ."

ಕೊಟ್ಟ! ನೋಡದೆಯೇ, ಕೈ ಹಿಂದೆ ಚಾಚಿ.

ಮನೆಗೆ ಬಂದರೆ ನಾನು ಜ್ವರದಲ್ಲಿ ಕಂಬಳಿ ಹೊದ್ದು ಗಂಜಿ ಉಣ್ತಾ ಇದ್ದೆ.

"ಚೀಲ ಎಲ್ಲಿಟ್ಟೆ?"

"ಯಾವ ಚೀಲ?"

ಅವನು ಹೊಸ್ತಿಲಲ್ಲೇ ನಿಂತು ದಾರಿಯಲ್ಲಿ ಆದದ್ದನ್ನು ಹೇಳಿದ.

ವಿಷಯ ತಿಳಿದು ಇಬ್ಬರೂ ಬಾವಿಗೆ ಓಡಿದೆವು. "ವಿಜೇತಕ್ಕಾ, ಒಪ್ಪಿದ್ದಾರೆ! ತಮಾಷೆಗೆ ಹೇಳಿದ್ದು!" ಒಳಗೆ ಒಂದು ಹನಿ ಬಿತ್ತು... ಟಿಳಕ್.

ಬೆಳಿಗ್ಗೆ ಆರಕ್ಕೆ ಮುಂಡಪ್ಪಣ್ಣನಿಗೆ ಬೆಳುವಾಯಿಯಿಂದ ಫೋನು. "ಸೀರೆ ಯಾಕೆ ವಾಪಸ್ ತಂದಿಟ್ರಿ? ನಮ್ಮ ಹುಡುಗ ಬೇಡವಾ?"

ಚೀಲ ಅವರ ಜಗಲಿಯಲ್ಲಿತ್ತು. ಸೀರೆಯ ಮಡಿಕೆ ಬಿಚ್ಚಿರಲಿಲ್ಲ. ಬಳೆ ಒಂದೂ ಒಡೆದಿರಲಿಲ್ಲ.

ಆ ಸ್ವರ ನಾನು ಮತ್ತೆ ತೆಗೆದಿಲ್ಲ. ನಂಬದಿದ್ರೆ ಮುಂಡಪ್ಪಣ್ಣನನ್ನು ಕೇಳಿ, ತೋರಿಸ್ತಾರೆ. ಚೀಲದ ಪಕ್ಕ ಎಡಗಾಲಿನ ಒಂದು ಚಪ್ಪಲಿ ಇತ್ತು. ವಾರಿಗೆ ಪಿನ್ನು ಚುಚ್ಚಿದೆ. ಅಡಿ ಪೂರ್ತಿ ಸವೆದಿದೆ.