ನೇಹಾ ಅಂತ ಕರೆದದ್ದು

ಮರಳಿ ಎಂಬ ನಮ್ಮ ಊರಿನ ಹೊರಗೆ ಕಾಲುವೆ ದಾಟಿದರೆ ಒಂದು ಆಲದಮರ, ಅದರ ಬುಡಕ್ಕೆ ಹಾಳುಬಾವಿ. ನಮ್ಮ ಓಣಿಯ ಕಳಕಮ್ಮನ ಮಗಳು ಮಲ್ಲೇಶ್ವರಿಗೆ ಆದದ್ದು ಅಲ್ಲಿಯೇ. ಹೋದ ವರ್ಷ, ಗದ್ದೆಗೆ ನೀರು ಬಿಟ್ಟಿದ್ದ ಕಾಲ.

ಮಲ್ಲೇಶ್ವರಿ ಗಂಗಾವತಿಯ ಕಾಲ್ ಸೆಂಟರಿಗೆ ಹೋಗುತ್ತಿದ್ದಳು. ಎಲ್ಲಿಯದೋ ಫ್ರಿಜ್ ಕಂಪನಿ ತನ್ನ ಗಿರಾಕಿಗಳ ದೂರು ಕೇಳುವ ಕೆಲಸವನ್ನು ಇವರಿಗೆ ಗುತ್ತಿಗೆ ಕೊಟ್ಟಿತ್ತು. ಊರು ಬಿಡದೆ ನೌಕರಿ, ತಿಂಗಳಿಗೆ ತಪ್ಪದ ಪಗಾರ, ಅವ್ವನ ಸಕ್ಕರೆ ಕಾಯಿಲೆಗೆ ಔಷಧಿ. ದೇವರು ನಡೆಸಿದ್ದ. ಆದರೆ ಯಾರ್ಯಾರದೋ ಬೈಗುಳ ನುಂಗಬೇಕು, ರಾತ್ರಿಯನ್ನು ಹಗಲು ಮಾಡಬೇಕು, ಕರೆ ಬಂದೊಡನೆ ಉತ್ತರಿಸಬೇಕು. ಅದೂ ಅವರು ಕೊಟ್ಟ ಹೆಸರಿನಲ್ಲಿ... ನೇಹಾ. ಆ ಹೆಸರನ್ನು ಆಕೆ ನಾಚಿಕೆಯಿಂದ ಅವ್ವನಿಗೂ ಹೇಳಿರಲಿಲ್ಲ.

"ನಿದ್ದ್ಯಾಗೂ ಸರ್, ಸರ್ ಅಂತೀಯಲ್ಲ, ಯಾರವಾ ಅಂವಾ?" ಎಂದು ಅವ್ವ ನಗುತ್ತಿದ್ದಳು.

ಆ ರಾತ್ರಿ ಆಕೆ ಪಾಳಿ ಮುಗಿಸಿ ಬರುವಾಗ ಊರಿನ ರಸ್ತೆ ಅಗೆದಿದ್ದರು. ಕಂಪನಿಯ ವ್ಯಾನು ಕಾಲುವೆಯ ಬಳಿಯೇ ನಿಂತಿತು.

"ಅಕ್ಕಾ, ಜೋಡಿ ಬರ್ಲೇನ?" ಎಂದ ಡ್ರೈವರ್ ರಫೀ.

"ಬ್ಯಾಡಪಾ. ಇನ್ನೂ ಶ್ರೀರಾಮನಗರದವ್ರನ್ನ ಬಿಡಬೇಕು ನೀ."

ನಡೆದಳು. ಗದ್ದೆಯಲ್ಲಿ ಕಪ್ಪೆಗಳು ವಟವಟ ಅನ್ನುತ್ತಿದ್ದವು... ಆಲದ ಹತ್ತಿರ ಬಂದಾಗ ಒಮ್ಮೆಲೇ ನಿಂತವು. ಬಾವಿಯ ರಾಟೆ ಕಿರ್ರ್... ಕಿರ್ರ್... ಎಂದಿತು. ಅದಕ್ಕೆ ಹಗ್ಗ ಹಾಕಿ ಎಷ್ಟೋ ವರ್ಷವಾಗಿತ್ತು. ನೀರಿಗೆ ಕೊಡ ಬಿದ್ದಂತೆ... ದುಬುಕ್.

ಆಮೇಲೆ ಮೆಲ್ಲಗೆ... "ನೇಹಾ..."

ರಾತ್ರಿ ಯಾರೇ ಕರೆದರೂ ಮೂರನೆಯ ಸಲಕ್ಕೇ ಓ ಅನ್ನಬೇಕು. ಮೊದಲ ಕರೆಗೇ ಓ ಅಂದವರನ್ನು ಆ ಬಾವಿ ಬಿಡುವುದಿಲ್ಲ. ಊರಿನ ಕೂಸಿಗೂ ಗೊತ್ತು. ಮಲ್ಲೇಶ್ವರಿಗೂ ಗೊತ್ತಿತ್ತು. ಆದರೆ ಬಾಯಿಗೆ ನೌಕರಿಯ ರೂಢಿ.

"ನಮಸ್ಕಾರ ಸರ್, ನಾನು ನೇಹಾ ಮಾತನಾಡುತ್ತಿದ್ದೇನೆ..."

ಬಾವಿ ಸುಮ್ಮನಾಯಿತು. ಮತ್ತೆ ಒಳಗಿನಿಂದ, ಆಕೆಯದೇ ದನಿ... "ಲೈನಿನಲ್ಲೇ ಇರಿ."

ಚಪ್ಪಲಿ ಬಿಟ್ಟು ಓಡಿದಳು. ಹೊಸ್ತಿಲಲ್ಲೇ ಕುಸಿದಳು. ಕಳಕಮ್ಮ ಹಣೆಗೆ ವಿಭೂತಿ ಹಚ್ಚಿ, ನಡೆದದ್ದನ್ನೆಲ್ಲ ಕೇಳಿ, ಪಿಸುಗುಟ್ಟಿದಳು.

"ಯಾವ ಹೆಸರಿಗೆ ಓ ಅಂದಿ?"

"...ನೇಹಾ."

"ಅದ್ಯಾರು?"

"ನಾನ. ಆಫೀಸಿನ್ಯಾಗ."

ರಾಟೆಯ ಕಿರ್ರ್ ಮನೆಯ ತನಕ ಕೇಳುತ್ತಿತ್ತು... ಹತ್ತಿರ ಬರುತ್ತಿತ್ತು.

"ನಾ ಇಟ್ಟ ಹೆಸರು ಅದಕ್ಕ ಗೊತ್ತಿಲ್ಲ. ಶಿವ ಕಾಯ್ದ. ಅವ್ರು ಕೊಟ್ಟ ಹೆಸರು ತಗೊಂಡು ಹೋಗ್ಲಿ ಬಿಡು." ಹೀಗೆಂದು ಕಳಕಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತು, "ಮಲ್ಲೇಶ್ವರಿ" ಎಂದು ಕರೆದಳು. ಮತ್ತೆ ಕರೆದಳು. ಮೂರನೆಯ ಸಲಕ್ಕೆ ಮಗಳು "ಓ, ಅವ್ವಾ" ಅಂದಳು.

ರಾಟೆ ನಿಂತಿತು.

ಮರುದಿನದಿಂದ ಆ ಇನ್ನೊಂದು ಹೆಸರು ಮಲ್ಲೇಶ್ವರಿಯ ನಾಲಗೆಗೆ ಬರಲೇ ಇಲ್ಲ. ನೌಕರಿ ಬಿಟ್ಟಳು. ಅವ್ವನ ಔಷಧಿಗೆ ಈಗ ಹೊಲಿಗೆಯೇ ಗತಿ.

ತಿಂಗಳ ಮೇಲೆ ರಫೀ ಮನೆಗೆ ಬಂದಿದ್ದ. ದನಿ ತಗ್ಗಿಸಿ ಹೇಳಿದ.

"ಅಕ್ಕಾ, ನಿನ್ನ ಕುರ್ಚಿ ಖಾಲೀನ ಐತಿ. ಆದ್ರ ಗಿರಾಕಿಗೋಳು, ರಾತ್ರಿ ನೇಹಾ ಭಾಳ ಛಲೋ ಮಾತಾಡಿದ್ಲು, ಅಂತಾರ."

ಇದು ಕಟ್ಟಿ ಹೇಳಿದ್ದಲ್ಲ, ನಡೆದದ್ದು. ರಫೀ ಇನ್ನೂ ಅದೇ ವ್ಯಾನು ಓಡಿಸುತ್ತಾನೆ, ಬೇಕಾದರೆ ಕೇಳಿ ನೋಡಿ. ಆಕೆ ಕಿವಿಗೆ ಹಾಕುತ್ತಿದ್ದ ಹೆಡ್‌ಫೋನು ಆಫೀಸಿನ ಆ ಖಾಲಿ ಕುರ್ಚಿಯ ಮುಂದಿನ ಮೇಜಿನ ಮೇಲೆಯೇ ಇದೆ. ದಿನಾ ಬೆಳಗ್ಗೆ ಅದು ತೊಯ್ದಿರುತ್ತದೆ. ಪಾಚಿಯ ವಾಸನೆ.