ಪ್ರಿಫೆಯ ಮಂದೆ

ಬೀಗದ ಕೈ ಮೇಜಿನ ಮೇಲಿಡು, ಸಾಕು. ಬೆಟ್ಟದ ಮೇಲಿನ ಗುಡಿಸಲನ್ನ ಗುಡಿಸಿ ಒರೆಸಿ ಬಂದೆಯಾ ಅಂತ ಕೇಳಲ್ಲ, ನೀನು ಮಾಡೇ ಇರ್ತೀಯ. ಹಾಗೆ ಬಾಗಿಲಲ್ಲೇ ನಿಂತ್ಕೋಬೇಡ ಮಾಯ್ಲಿಸ್. ನಾನೇನು ಕಚ್ಚಲ್ಲ. ಈ ಮನೇಲಿ ಕಚ್ಚೋರು ಮೂರು ಜನ, ಅವರೂ ಮಲಗಿದ್ದಾರೆ.

ಕೂತ್ಕೋ. ಸಭೆ ಹನ್ನೊಂದಕ್ಕೆ. ಅಲ್ಲಿ ಅಷ್ಟು ಜನರ ಮುಂದೆ ಕೂರೋಕ್ಕಿಂತ ಮುಂಚೆ ನಾವಿಬ್ಬರೂ ಇಲ್ಲಿ ಒಂದು ಮಾತು ಆಡಿಕೊಂಡರೆ ನಿನಗೇ ಒಳ್ಳೇದು ಅನ್ನಿಸ್ತು. ಕಾಫಿ ಕುಡಿ. ಬೆಳಗಿನದು, ಬಿಸಿ ಮಾಡಿದ್ದು, ಅದಕ್ಕೆ ಆ ರುಚಿ.

ನಾನು ಓದಬೇಕಾದ ವರದಿ ಇಲ್ಲಿದೆ, ನೋಡು. ಒಂದೇ ಪುಟ. ಕುರಿ ಸಾಕೋರ ಸಂಘದ ಅಧ್ಯಕ್ಷ ಅಂದಮೇಲೆ ನಾನೇ ಓದಬೇಕು, ಬೇರೆ ದಾರಿ ಇಲ್ಲ. ಅದರಲ್ಲಿ ನಿನ್ನ ಬಗ್ಗೆ ಒಂದು ಕೆಟ್ಟ ಶಬ್ದ ಕೂಡ ಹಾಕಿಲ್ಲ. ‘ಗುರುವಾರ ಬೆಳಗ್ಗೆ ಕುರಿಗಾಹಿ ನಾಲ್ಕು ಗಂಟೆ ಕಾಲ ಮಂದೆಯ ಹತ್ತಿರ ಇರಲಿಲ್ಲ. ಆ ಹೊತ್ತಲ್ಲಿ ಕರಡಿ ಬಂದು, ಹೆದರಿದ ಕುರಿಗಳು ಮಂಜಿನಲ್ಲಿ ಬಂಡೆಯ ಅಂಚಿನಿಂದ ಬಿದ್ದವು. ಸತ್ತದ್ದು ನಲವತ್ತಮೂರು.’ ಇದರಲ್ಲಿ ಸುಳ್ಳು ಯಾವುದು ಹೇಳು? ನೀನು ಇರಲಿಲ್ಲ. ಕಳೆದುಹೋದ ನಾಯಿ ಹುಡುಕೋಕೆ ಹೋಗಿದ್ದೆ. ನೀನೇ ಒಪ್ಪಿಕೊಂಡೆಯಲ್ಲ ಅವತ್ತು, ಕೇಳದೇ ಇದ್ದರೂ.

ಆಮೇಲೆ ನಾಲ್ಕು ಮಾತು ಬಾಯಲ್ಲೇ ಹೇಳ್ತೀನಿ. ಹುಡುಗಿ ಚಿಕ್ಕವಳು, ಎರಡನೇ ಬೇಸಿಗೆ, ಮಂಜಿನಲ್ಲಿ ನಮಗೇ ದಿಕ್ಕು ತಪ್ಪುತ್ತೆ, ಹೀಗೆ. ಸೆರ್ನಾಂ ಕೂಗಾಡ್ತಾನೆ, ಬಿದ್ದದ್ದರಲ್ಲಿ ಹದಿನೇಳು ಅವನವು. ಕೂಗಾಡಲಿ. ಮುಂದಿನ ವರ್ಷ ನಮ್ಮ ಬೆಟ್ಟಕ್ಕೆ ನೀನು ಬೇಡ ಅಂತಾರೆ, ಅಷ್ಟೇ. ಪಕ್ಕದ ಕಣಿವೆಗಳಲ್ಲಿ... ಹೌದು, ಅಲ್ಲೂ ಸುದ್ದಿ ಹೋಗಿದೆ. ಮಂದೆ ಬಿಟ್ಟು ನಾಯಿ ಹಿಂದೆ ಹೋದವಳು ಅಂತ. ಜನ ಮರೀತಾರೆ ಬಿಡು. ಐದಾರು ವರ್ಷಕ್ಕೆ ಮರೀತಾರೆ.

ಯಾಕೆ ನಗ್ತೀಯ?

ಓ, ಅದನ್ನ ನೋಡಿ. ಹೌದು, ನಗು ಬರೋ ಹಾಗೇ ಮಲಗಿದ್ದಾನೆ. ಐವತ್ತೆರಡು ಕಿಲೋ ನಾಯಿ, ನಾಲ್ಕೂ ಕಾಲು ಆಕಾಶಕ್ಕೆ. ಹೊಟ್ಟೆ ಮೇಲೆ ನಮ್ಮ ಪುಟ್ಟ ನಾಯಿ ಮೂಶ್, ಅವಳೋ ಇಲಿಗಿಂತ ಒಂಚೂರು ದಪ್ಪ. ಸರ್ಕಾರದ ಯೋಜನೆಯಲ್ಲಿ ಬಂದ ಕಾವಲು ನಾಯಿ ಅಂತ ನಾನೇ ಪ್ರಿಫೆ ಅಂತ ಹೆಸರಿಟ್ಟೆ. ಪ್ರಿಫೆ ಅಂದರೆ ನಮ್ಮ ಜಿಲ್ಲೆಯ ದೊಡ್ಡ ಅಧಿಕಾರಿ, ಇವನೂ ಅವರ ಥರಾನೇ. ಬಿಳುಪು, ಗಾಂಭೀರ್ಯ, ಯಾರು ಕರೆದರೂ ಉತ್ತರ ಇಲ್ಲ. ‘ನಿನ್ನ ಪ್ರಿಫೆ ಕುರಿ ಕಾಯ್ತಾನೋ ಬರೀ ಸಹಿ ಹಾಕ್ತಾನೋ’ ಅಂತ ಸೆರ್ನಾಂ ಹೋಟೆಲಲ್ಲಿ ಕೂತು ಎರಡು ವರ್ಷದಿಂದ ಕೇಳ್ತಾ ಇದಾನೆ.

ಈಗ ಒಲೆ ಪಕ್ಕ ಮಲಗಿದ್ದಾನೆ ಅಂತ ನೀನು ತಪ್ಪು ತಿಳೀಬೇಡ. ಈ ವಾರ ಮಾತ್ರ. ಬೆಟ್ಟದ ಮೇಲೆ ಅಷ್ಟೆಲ್ಲ ಆದಮೇಲೆ ಅದಕ್ಕೂ ಒಂದು ನೆಮ್ಮದಿ ಬೇಕಲ್ಲ.

ನಿನಗೆ ಗೊತ್ತಿರಲಿ, ನಾನು ಇದನ್ನ ಪುಸ್ತಕದ ಪ್ರಕಾರ ಸಾಕಿದವನು. ತತ್ವಶಾಸ್ತ್ರ ಓದಿದವನು ಕುರಿ ಸಾಕ್ತಾನಾ ಅಂತ ಮೂವತ್ತೆಂಟು ವರ್ಷದಿಂದ ನಗ್ತಾರೆ ಈ ಊರಲ್ಲಿ, ಆದರೆ ನಾಯಿ ಬಗ್ಗೆ ಇವರಿಗೆ ಪಾಠ ಹೇಳಿದ್ದು ನಾನೇ. ಇಲ್ಲಿ ಅಳಿದುಹೋಗಿದ್ದ ಕರಡಿಗಳನ್ನ ಸರ್ಕಾರ ತಂದು ಮತ್ತೆ ಬೆಟ್ಟಕ್ಕೆ ಬಿಟ್ಟಾಗ ಇಲ್ಲಿ ಒಬ್ಬರಿಗೂ ಕಾವಲು ನಾಯಿ ಸಾಕೋದು ಹೇಗೆ ಅಂತ ನೆನಪಿರಲಿಲ್ಲ. ಇವರ ಅಜ್ಜಂದಿರಿಗೆ ಗೊತ್ತಿತ್ತು, ಇವರಿಗೆ ಅಜ್ಜನ ಫೋಟೋ ಮಾತ್ರ ಗೊತ್ತಿತ್ತು. ನಾನು ಎದ್ದು ನಿಂತು ಹೇಳಿದೆ. ಮರಿಗೆ ಎಂಟು ವಾರ ಆದ ಕೂಡಲೇ ಕುರಿಹಟ್ಟಿಗೆ ಹಾಕಿ. ಕುರಿಮರಿಗಳ ಜೊತೆ ಮಲಗಲಿ. ಮನೆ ನಾಯಿಗಳ ಜೊತೆ ಬಿಡಬೇಡಿ, ಮುದ್ದು ಮಾಡಬೇಡಿ. ಮೊದಲ ಚಳಿಗಾಲ ಯಾರ ಮಗ್ಗುಲಲ್ಲಿ ಮಲಗುತ್ತೋ, ಸಾಯೋ ತನಕ ಅವರೇ ಅದಕ್ಕೆ ಮಂದೆ. ಹೊತ್ತಿಗೆ ಊಟ ಹಾಕಿ, ಬಾಗಿಲು ಎಳಕೊಂಡು ಬನ್ನಿ. ‘ನನ್ನ ಹೆಂಡತಿ ನನ್ನ ಸಾಕೋ ಹಾಗೆ’ ಅಂದ ಸೆರ್ನಾಂ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಲುಸೆಟ್ ಅಜ್ಜಿ ಗೊತ್ತಲ್ಲ, ಬೇಲಿ ಸಂದಿಯಿಂದ ಮರಿಗೆ ಒಂದು ಚೂರು ಚೀಸಿನ ಸಿಪ್ಪೆ ಕೊಟ್ಟಳು ಅಂತ ಅವಳನ್ನ ಇಡೀ ಸಭೆಯ ಎದುರು ಬೈದಿದ್ದೆ. ಎಂಬತ್ತೊಂದು ವರ್ಷ ಆ ಮುದುಕಿಗೆ. ಅಳ್ತಾ ಮನೆಗೆ ಹೋದಳಂತೆ. ಅಷ್ಟು ಕಟ್ಟುನಿಟ್ಟು.

ಹೋಗಲಿ ಬಿಡು, ನಮ್ಮ ಹಳೇ ಕುರಿನಾಯಿ ಫನೆಟ್ ಈಗ ಪ್ರಿಫೆಯ ಕಿವಿ ನೆಕ್ಕಿದರೆ ಏನಾಯ್ತು. ಮುದುಕಿ, ಒಂದು ಕಣ್ಣಿಲ್ಲ, ಕುರಿ ಅಟ್ಟೋ ಕೆಲಸ ಬಿಟ್ಟು ಮೂರು ವರ್ಷ ಆಯ್ತು. ಅವಳಿಗೆ ಅದೇ ಅಭ್ಯಾಸ, ಅದು ಅಂಗೈಯಷ್ಟು ಇದ್ದಾಗಿಂದ ಮಲಗೋ ಮುಂಚೆ ಎರಡೂ ಕಿವಿ...

ಏನು? ಹಾಗೆ ನೋಡಬೇಡ.

ಸರಿ. ಒಂದು ವಾರ. ಮೊದಲ ಒಂದು ವಾರ ಮಾತ್ರ ಒಳಗಿತ್ತು. ಜನವರಿ, ಹಟ್ಟಿಯ ನೀರಿನ ತೊಟ್ಟಿ ಕಲ್ಲಾಗಿತ್ತು. ಮರಿ ಕುರಿಗಳ ಮಧ್ಯೆ ಕೂತು ಊಳಿಡ್ತಿತ್ತು. ಕುರಿ ಅದನ್ನ ಗುಮ್ಮಿತ್ತು ಒಂದು ಸಲ. ಫನೆಟ್ ಹಟ್ಟಿ ಬಾಗಿಲ ಹೊರಗೆ ಕೂತು ಅದಕ್ಕೆ ಉತ್ತರ ಕೊಡ್ತಿದ್ದಳು. ಒಳಗಿಂದ ಒಂದು, ಹೊರಗಿಂದ ಒಂದು. ಮೂರನೇ ದಿನ ನಾನು ಬಾಗಿಲು ತೆಗೆದೆ, ಅವಳು ಅದರ ಕತ್ತು ಹಿಡ್ಕೊಂಡು ಸೀದಾ ಇಲ್ಲಿಗೆ ತಂದಳು. ನಾನು ತಂದಿದ್ದಲ್ಲ, ಅವಳು.

ಒಂದು ವಾರ ಅಂದೆನಾ? ಆರು ವಾರ ಇರಬಹುದು.

ಚಳಿಗಾಲ ಪೂರ್ತಿ, ಸರಿಯಾ? ಬೆಳಗ್ಗೆ ಯಾರಾದರೂ ಬರೋ ಮುಂಚೆ ಎತ್ತಿ ಹಟ್ಟಿಗೆ ಹಾಕ್ತಿದ್ದೆ, ಕತ್ತಲಾದಮೇಲೆ ತರ್ತಿದ್ದೆ. ತಪಾಸಣೆಗೆ ಬಂದವರು ಬರೆದುಕೊಂಡು ಹೋದರು, ‘ಮರಿ ಕುರಿಗಳ ನಡುವೆ ಶಾಂತವಾಗಿದೆ.’ ಶಾಂತವಾಗಿರದೆ ಏನು, ರಾತ್ರಿಯೆಲ್ಲ ಒಲೆ ಪಕ್ಕ ನಿದ್ದೆ ಮಾಡಿ ಬಂದಿರೋದು.

ನೀನು ಅದನ್ನ ಯಾರಿಗೂ ಹೇಳಬೇಡ. ಅದಕ್ಕೂ ಗುರುವಾರಕ್ಕೂ ಸಂಬಂಧ ಇಲ್ಲ.

ಗುರುವಾರದ ವಿಷಯ ಬೇರೆ. ನಾಯಿ ಓಡಿಹೋದದ್ದು ನಿನ್ನ ಕೈಯಿಂದ. ಬೈದಿರ್ತೀಯ, ಅಥವಾ ಊಟ ತಡ ಆಗಿರುತ್ತೆ. ಮಂಗಳವಾರ ಬೆಳಗ್ಗೆಯಿಂದ ಕಾಣಿಸ್ತಿಲ್ಲ, ಬುಧವಾರ ಮಧ್ಯಾಹ್ನ ನೀನು ದಿಬ್ಬ ಹತ್ತಿ ನನಗೆ ಫೋನ್ ಮಾಡಿದೆ, ಕೆಳಗೆ ಬಂತಾ ಅಂತ. ಇಲ್ಲ ಅಂದೆ. ಗುರುವಾರ ಸಂಜೆ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಸಿಕ್ಕಿತು. ಪಾಪದ್ದು, ಎರಡು ದಿನ ಎಲ್ಲೆಲ್ಲಿ ಅಲೆದಿತ್ತೋ. ಒಳಗೆ ಬಂದಿದ್ದೇ ಒಲೆ ಪಕ್ಕ ಧೊಪ್ಪಂತ ಬಿತ್ತು. ಮೈ ತುಂಬಾ ಹುಲ್ಲಿನ ಮುಳ್ಳು. ಅಂಗಳದ ಬಿಸಿಲಲ್ಲಿ ಕೂರಿಸಿ ಬಾಚಿದೆ, ಬಾಚಣಿಗೆ ತುಂಬಾ ಧೂಳು. ಮೂಶ್ ಸೀನಿದ್ದೇ ಸೀನಿದ್ದು...

ಯಾಕೆ ಲೋಟ ಕೆಳಗಿಟ್ಟೆ?

ಧೂಳು ಅಂದೆನಾ. ಕೆಸರು. ಕೆಸರೇ ಒಣಗಿ ಧೂಳಾಗುತ್ತಲ್ಲ.

ಬಿಸಿಲು ಅಂತಲೂ ಅಂದೆ, ಅಲ್ವಾ.

ಮಂಗಳವಾರ ಮಧ್ಯಾಹ್ನದಿಂದ ಶುಕ್ರವಾರದ ತನಕ ಈ ಕಣಿವೇಲಿ ಬಿಸಿಲೇ ಇರಲಿಲ್ಲ. ನಿನಗೆ ಗೊತ್ತು. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅದೇ ಮಂಜಲ್ಲಿ ಬಂಡೆ ಕೆಳಗಿಳಿದು ಒಬ್ಬಳೇ ಸತ್ತ ಕುರಿಗಳ ಕಿವಿಯ ನಂಬರ್ ಓದಿ ಓದಿ ಬರ್ಕೊಂಡವಳು ನೀನು. ರಣಹದ್ದುಗಳನ್ನ ಕಲ್ಲು ಹೊಡೆದು ಓಡಿಸ್ತಾ.

ಏನಾದರೂ ಹೇಳು. ಬೈ. ಸೆರ್ನಾಂ ಬೈದರೆ ನನಗೆ ಉತ್ತರ ಕೊಡೋಕೆ ಬರುತ್ತೆ. ಲುಸೆಟ್ ಅಜ್ಜಿ ಅತ್ತರೂ ಏನೋ ಒಂದು ಹೇಳ್ತೀನಿ. ಇದಕ್ಕೆ ಏನು ಹೇಳೋದು, ಹೀಗೆ ಕೂತವಳಿಗೆ.

ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಬಂತು. ಬಾಗಿಲು ಕೆರೆಯಿತು, ತೆಗೆದೆ. ನನಗೆ ಸಂತೋಷ ಆಯ್ತು, ಮಾಯ್ಲಿಸ್. ಮೊದಲು ಆದದ್ದು ಅದೇ. ಫನೆಟ್ ಕುಣಿದಳು, ಎದ್ದು ನಡೆಯೋಕೆ ಕಷ್ಟ ಪಡೋಳು ಕುಣಿದಳು. ಅದು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಇಬ್ಬರನ್ನೂ ಮೂಸಿ ನೋಡ್ತು, ತಲೆಯಿಂದ ಬಾಲದ ತನಕ. ಆಮೇಲೆ ನನ್ನ ಕೈ ಮೂಸಿತು. ಎಲ್ಲರೂ ಇದ್ದಾರೆ ಅಂತ ಖಾತ್ರಿ ಆದಮೇಲೆ ಬಾಗಿಲಿಗೆ ಅಡ್ಡ ಮಲಗಿತು. ಅದು ಓಡಿಬಂದ ನಾಯಿ ಅಲ್ಲ, ಕೆಲಸಕ್ಕೆ ಬಂದ ನಾಯಿ. ಅದರ ಲೆಕ್ಕದಲ್ಲಿ ಮಂದೆ ಇರೋದು ಈ ಅಡುಗೆಮನೇಲಿ. ಮೇಲಿರೋ ಒಂಬೈನೂರು ಕುರಿ ಯಾರೋ ಪರಿಚಯದವರು.

ಮಾರನೇ ದಿನ ನಾನೇ ಕರ್ಕೊಂಡು ಹೋಗಿ ಮರಗಳು ಮುಗಿಯೋ ಕಡೆ ಬಿಟ್ಟು ಬರೋಣ ಅಂದ್ಕೊಂಡಿದ್ದೆ. ತಾನಾಗೇ ಬಂದ ಹಾಗೆ ನಿನ್ನ ಹತ್ತಿರ ಬರುತ್ತೆ, ಯಾರಿಗೂ ಗೊತ್ತಾಗಲ್ಲ. ಅಷ್ಟರಲ್ಲಿ ಮಂಜು. ಮಂಡಿ ನೋವು ಅಂತ ಹೇಳಿಕೊಂಡೆ. ಮಂಡಿ ನೋಯ್ತಿರಲಿಲ್ಲ.

ನೀನು ಫೋನ್ ಮಾಡಿದಾಗ ಅದರ ತಲೆ ನನ್ನ ಪಾದದ ಮೇಲಿತ್ತು. ಹೌದು, ಬಂದಿದೆ ಅನ್ನೋಕೆ ಬಾಯಿ ತೆಗೆದೆ. ಹಾಗಂದರೆ ನೀನು ಯಾಕೆ ಬಂತು ಅಂತ ಕೇಳ್ತೀಯ. ನೀನಲ್ಲದಿದ್ದರೆ ಸೆರ್ನಾಂ ಕೇಳ್ತಾನೆ, ತತ್ವಶಾಸ್ತ್ರದವನ ನಾಯಿಗೆ ಒಲೆಯ ದಾರಿ ಹೇಗೆ ಗೊತ್ತು ಅಂತ. ಹೋಟೆಲಲ್ಲಿ ಒಂದು ವರ್ಷಕ್ಕಾಗುವಷ್ಟು ನಗು. ಅದಕ್ಕೆ ಹೆದರಿ ಇಲ್ಲ ಅಂದೆ. ಕರಡಿಗೆ ಹೆದರಿದ್ದಲ್ಲ, ನಗುವಿಗೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನೀನು ಕೇಳಿದೆ, ಹಾಗಾದರೆ ಎಲ್ಲಿ ಹೋಗಿರಬಹುದು ಅಂತ. ನಾನು... ಹೌದು. ವರದಿಯಲ್ಲಿ ಹುಡುಕಬೇಡ, ಆ ಕಾಗದ ಇಡು, ಅದರಲ್ಲಿ ಇಲ್ಲ. ಪಡುವಣ ಕಣಿವೆ ಕಡೆ ಇಳಿದಿರಬೇಕು, ಹೋಗಿ ನೋಡು, ಅಂದವನು ನಾನೇ. ನಿನಗೆ ನೆನಪಿದೆ. ಇಷ್ಟು ದಿನ ನೀನು ಅದನ್ನ ಯಾರಿಗೂ ಹೇಳಲಿಲ್ಲ. ಮುದುಕ ಒಳ್ಳೇದಕ್ಕೇ ಹೇಳಿದ್ದ ಅಂದ್ಕೊಂಡಿದ್ದೆ, ಅಲ್ವಾ? ನನ್ನ ಮಾತು ಕೇಳಿ ಹೋದೆ ಅಂತ ಹೇಳಿದ್ದರೆ ನಿನ್ನ ಅರ್ಧ ತಪ್ಪು ಅವತ್ತೇ ಇಳೀತಿತ್ತು. ನನ್ನ ಹೆಸರು ಎಳೆಯೋದು ಬೇಡ ಅಂತ ಸುಮ್ಮನಿದ್ದೆ. ನಾನು ಆ ಸುಮ್ಮನಿರೋದನ್ನ ಉಪಯೋಗಿಸಿಕೊಂಡೆ. ಮೊದಲು ತಪ್ಪನ್ನ ಫನೆಟ್ ಮೇಲೆ ಹಾಕಿದೆ, ನಾಯಿ ಮೇಲೆ ಹಾಕಿದೆ, ಸಾಲದೇ ಹೋದಾಗ ನಿನ್ನ ಮೇಲೆ.

ಹೊರಟೆಯಾ? ತಾಳು, ಅಷ್ಟು ರಭಸವಾಗಿ ಏಳಬೇಡ. ಹಾಗೇ ನಿಂತ್ಕೋ, ಕೈ ಕೆಳಗಿಡು. ಪ್ರಿಫೆ, ಸಾಕು. ಸಾಕು ಅಂದೆ. ಏನೂ ಮಾಡಲ್ಲ. ಎರಡು ತಿಂಗಳು ನಿನ್ನ ಕೈಯಿಂದಲೇ ತಿಂದ ನಾಯಿ. ಆದರೂ ನೋಡು, ಅವರಿಬ್ಬರನ್ನೂ ಹಿಂದೆ ಹಾಕ್ಕೊಂಡು ಹೇಗೆ ನಿಂತಿದೆ. ಎಷ್ಟು ಚೆನ್ನಾಗಿ ಕಾಯುತ್ತೆ. ಇದನ್ನ ಹೇಡಿ ಅಂತ ಬರೆದಿದ್ದೀನಿ ವರದಿಯ ಕೊನೇ ಸಾಲಲ್ಲಿ.

ನಿನಗೆ ಬೇರೆ ಯಾವುದಾದರೂ ಬೆಟ್ಟದಲ್ಲಿ ಕೆಲಸ ಕೊಡಿಸ್ತೀನಿ, ಒಳ್ಳೇ ಪತ್ರ ಬರೆದುಕೊಡ್ತೀನಿ, ಇದು ನಮ್ಮಿಬ್ಬರಲ್ಲೇ ಇರಲಿ... ಇಲ್ಲ. ಆಯ್ತು, ಕೇಳಿಸ್ಕೋಬೇಡ. ನಾನು ಕೇಳಲಿಲ್ಲ ಅಂದ್ಕೋ.

ಸಭೇಲಿ ಹೇಳ್ತೀನಿ. ಈ ಕಾಗದ ಓದಲ್ಲ, ಬಾಯಲ್ಲಿ ಹೇಳ್ತೀನಿ.

ನಂಬಿಕೆ ಇಲ್ಲ ಅಂತ ಮುಖದಲ್ಲೇ ಇದೆ. ಸರಿಯಾಗೇ ಇದೆ. ನನಗೂ ಇಲ್ಲ. ಇಲ್ಲಿಂದ ಪಂಚಾಯ್ತಿ ಕಟ್ಟಡಕ್ಕೆ ಮುನ್ನೂರು ಹೆಜ್ಜೆ. ಇನ್ನೂರಕ್ಕೆ ನನಗೊಂದು ಒಳ್ಳೇ ವಾದ ಹೊಳೆಯುತ್ತೆ, ನನ್ನನ್ನ ನಾನು ಬಲ್ಲೆ. ಒಳಗೆ ಹೋಗೋ ಹೊತ್ತಿಗೆ ಅದು ನನಗೆ ನಿಜ ಅಂತಲೇ ಅನ್ನಿಸಿರುತ್ತೆ.

ಅದಕ್ಕೇ ನೀನು ಬರಬೇಕು. ಹಿಂದಿನ ಬೆಂಚಲ್ಲಿ ಬೇಡ. ನನ್ನ ಎದುರಿಗೆ ಕೂತ್ಕೋ. ಏನೂ ಮಾತಾಡಬೇಡ. ಈಗ ಕೂತಿದ್ದೆಯಲ್ಲ, ಹಾಗೇ.